ರಜಾಚೀಟಿ ಮೀಮಾಂಸೆ: ಚಂದ್ರಬಂಡ ಸೀಮೆಯ ಪ್ರತಿಗಳನ್ನು ಆಧರಿಸಿದ ಲಕ್ಷಣಗ್ರಂಥ

ಪೀಠಿಕೆ

1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಮಸ್ಕಿಯಲ್ಲಿ ಚಿನ್ನ ಹುಡುಕಲು ಹೋಗಿ ಅಶೋಕನ ಶಾಸನವನ್ನು ಕಂಡ. ಪ್ರಸ್ತುತ ಪ್ರಬಂಧಕಾರನು ಅದೇ ರಾಯಚೂರು ಜಿಲ್ಲೆಯ ಚಂದ್ರಬಂಡ ಸೀಮೆಯಲ್ಲಿ ಮಿರ್ಚಿ ತಿನ್ನಲು ಹೋಗಿ ರಜಾಚೀಟಿಯನ್ನು ಕಂಡನು. ಎರಡರಲ್ಲಿ ಯಾವುದು ಹಿರಿಯ ಶೋಧವೆಂದು ನಾವೇ ಹೇಳಿಕೊಳ್ಳುವುದು ವಿದ್ವಾಂಸರಿಗೆ ಒಪ್ಪುವ ಮಾತಲ್ಲ. ಆದರೆ ಬೀಡನ್‌ಗೆ ಕೊನೆಗೂ ಮಿರ್ಚಿ ಸಿಗಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಆಕರದ ವಿವರ ಹೀಗಿದೆ. ಮಿರ್ಚಿ ಬಂಡಿಯವನು ಮಂಡಾಳು ಒಗ್ಗರಣಿಯ ಪಕ್ಕ ಇಟ್ಟುಕೊಟ್ಟ ನಾಲ್ಕು ಮಿರ್ಚಿಯ ಕೆಳಗೆ, ಎಣ್ಣೆ ಕುಡಿದು ಆಚೆ ಬದಿ ಕಾಣುವಷ್ಟು ತೆಳ್ಳಗಾದ ರೂಲು ಹಾಳೆಯೊಂದಿತ್ತು. ಅದರಲ್ಲಿ ‘ರೆಸ್ಪೆಕ್ಟೆಡ್ ಸರ್, ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಂ ಫೀವರ್’ ಎಂಬ ಆದಿಭಾಗ ಸ್ಪಷ್ಟವಾಗಿತ್ತು. ಅಂತ್ಯಭಾಗವನ್ನು ಹಸಿಮೆಣಸಿನಕಾಯಿ ತಿಂದುಹಾಕಿತ್ತು. ಇದನ್ನು ‘ಕ’ ಪ್ರತಿ ಎಂದು ಕರೆಯುತ್ತೇವೆ. ಮುಂದಿನ ಮೂರು ವಾರ ದಿನಬಿಟ್ಟು ದಿನ ಅದೇ ಬಂಡಿಗೆ ಹೋಗಿ ಖ, ಗ, ಘ ಪ್ರತಿಗಳನ್ನು ಸಂಪಾದಿಸಿದೆವು. ಈ ಕ್ಷೇತ್ರಕಾರ್ಯದಲ್ಲಿ ಪ್ರಬಂಧಕಾರನ ಹೊಟ್ಟೆಗಾದ ಹಾನಿಗೆ ಯಾವ ವಿಶ್ವವಿದ್ಯಾಲಯವೂ ಭತ್ಯೆ ಕೊಟ್ಟಿಲ್ಲ.

ನಾಲ್ಕು ಪ್ರತಿಗಳಲ್ಲೂ ಪಾಠ ಒಂದೇ. ‘ಫೀವರ್’ ಎಂಬ ಪದದ ಕಾಗುಣಿತವೊಂದರಲ್ಲಿ ಮಾತ್ರ ನಾಲ್ಕು ಪಾಠಾಂತರಗಳಿವೆ. ಗ್ರಂಥಸಂಪಾದನೆಯ ನಿಯಮದಂತೆ ನೋಡಿದರೆ ಇವೆಲ್ಲಕ್ಕೂ ಮೂಲವಾದ ಮಾತೃಪ್ರತಿಯೊಂದು ಇರಲೇಬೇಕು. ಅದನ್ನು ಬಲ್ಲವರು ‘ಗೈಡು’ ಎನ್ನುತ್ತಾರೆ.

ಪ್ರಾಚೀನತೆ

ರಜಾಚೀಟಿಯು ಇಂಗ್ಲಿಷರ ಕೊಡುಗೆಯೆಂದು ಹೇಳುವವರಿದ್ದಾರೆ. ಅದು ಅಜ್ಞಾನ. ಪತ್ರದಲ್ಲಿ ‘ಫ್ರಂ ಅಡ್ರೆಸ್’ ಬರೆಯುವ ಶಿಸ್ತನ್ನು ಈ ಜಿಲ್ಲೆಗೆ ಕಲಿಸಿದವನು ಅಶೋಕ. ಮಸ್ಕಿಗೆ ಮೊದಲು ಸಿಕ್ಕ ಶಾಸನಗಳಲ್ಲೆಲ್ಲ ಆತ ‘ದೇವಾನಾಂಪ್ರಿಯ’ ಎಂದು ಬಿರುದಷ್ಟೇ ಬರೆದು, ಹೆಸರು ಮರೆತ ಹುಡುಗನ ಹಾಗೆ ಅರ್ಧ ಅಂಕ ಕಳೆದುಕೊಂಡಿದ್ದ. ಮಸ್ಕಿಯ ಬಂಡೆಯಲ್ಲಿ ಹೆಸರೂ ಇತ್ತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಜಗತ್ತಿಗೆ ಖಚಿತವಾದದ್ದು ಆ ಮೇಲೆ. ಸಹಿ ಮಾಡದೆ ಚೀಟಿ ಕೊಟ್ಟರೆ ಇಪ್ಪತ್ತೆರಡು ಶತಮಾನ ಕಾಯಬೇಕಾದೀತೆಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಸುಳ್ಳು ಕಾಯಿಲೆಯ ಪ್ರಾಚೀನತೆಗೂ ಹೊರಗೆ ಹೋಗಬೇಕಿಲ್ಲ, ಮಾನ್ವಿಗೆ ಹೋದರೆ ಸಾಕು. ಹರಿಕಥಾಮೃತಸಾರವನ್ನು ಬರೆದ ಜಗನ್ನಾಥದಾಸರು (1728–1809) ದಾಸರಾಗುವ ಮೊದಲು ಶ್ರೀನಿವಾಸಾಚಾರ್ಯರಾಗಿದ್ದರು, ಸಂಸ್ಕೃತ ಪಂಡಿತರು. ಹರಿದಾಸರಾದ ವಿಜಯದಾಸರು ಊಟಕ್ಕೆ ಕರೆದಾಗ, ಕನ್ನಡದಲ್ಲಿ ಹಾಡುವವರ ಪಂಕ್ತಿಗೆ ಹೋಗಲು ಮನಸ್ಸಿಲ್ಲದೆ ಹೊಟ್ಟೆನೋವೆಂದು ಹೇಳಿ ಕಳಿಸಿದರಂತೆ. ಐತಿಹ್ಯದ ಪ್ರಕಾರ ಆ ಹೊಟ್ಟೆನೋವು ಕೂಡಲೇ ನಿಜವಾಗಿ ಬಂತು. ಕೊನೆಗೆ ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರ ಬಳಿಗೆ ಹೋದ ಮೇಲಷ್ಟೇ ಅದು ವಾಸಿಯಾಯಿತು. ಅಂದಿನಿಂದ ಈ ಭಾಗದ ವಿದ್ಯಾರ್ಥಿಗಳು ಹೊಟ್ಟೆನೋವಿನ ತಂಟೆಗೆ ಹೋಗದೆ ಜ್ವರವನ್ನೇ ನಂಬಿರುವುದು ಪೂರ್ವಸೂರಿಗಳ ಅನುಭವದಿಂದ ಕಲಿತ ಪಾಠವೆಂದು ನಮ್ಮ ಊಹೆ.

ನಿಜಾಮರ ಕಾಲದಲ್ಲಿ ರಜಾಚೀಟಿಯು ಉರ್ದು ಅರ್ಜಿಯ ರೂಪ ತಾಳಿತು. ಅರ್ಜಿದಾರನು ಕೊನೆಯಲ್ಲಿ ತನ್ನನ್ನು ‘ಫಿದ್ವಿ’ ಎಂದು ಕರೆದುಕೊಳ್ಳುತ್ತಿದ್ದ. ಫಿದ್ವಿ ಎಂದರೆ ನಿಮಗಾಗಿ ಜೀವ ಕೊಡುವವನು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಹೋಯಿತು, ಫಿದ್ವಿ ಮಾತ್ರ ಹೋಗಲಿಲ್ಲ. ‘ಯುವರ್ಸ್ ಒಬಿಡಿಯಂಟ್‌ಲಿ’ ಎಂಬ ಹೊಸ ಅಂಗಿ ತೊಟ್ಟು ಅದೇ ಬೆಂಚಿನಲ್ಲಿ ಕುಳಿತ. ಭಾಷೆ ಬದಲಾದರೂ ಬಗ್ಗಿದ ಬೆನ್ನು ಬದಲಾಗದಿರುವುದನ್ನು ಭಾಷಾಶಾಸ್ತ್ರಜ್ಞರು ಏನೆನ್ನುತ್ತಾರೋ, ನಾವು ‘ಬೆನ್ನಿನ ತತ್ಸಮ’ ಎನ್ನುತ್ತೇವೆ.

ಸೂತ್ರ 1: ಜ್ವರವೇ ಕಾರಣಂ, ಕಾರಣಾಂತರಂ ನಾಸ್ತಿ

ವೃತ್ತಿ: ನವೆಂಬರಿನಿಂದ ಸಂಕ್ರಾಂತಿಯ ಆಚೆಯವರೆಗೆ ಈ ಸೀಮೆಯ ಹೈಸ್ಕೂಲುಗಳಲ್ಲಿ ಒಂದು ವಿಚಿತ್ರ ಜ್ವರ ಕಾಣಿಸಿಕೊಳ್ಳುತ್ತದೆ. ಅದು ಹೊಲವಿದ್ದವರಿಗೂ ಬರುತ್ತದೆ, ಕೂಲಿಯವರಿಗೆ ಹೆಚ್ಚು ಬರುತ್ತದೆ. ಹುಡುಗರಿಗಿಂತ ಹುಡುಗಿಯರಿಗೆ ಬೇಗ ಅಂಟುತ್ತದೆ. ಬೆಳಿಗ್ಗೆ ಆಟೋ, ಟಂಟಂ ಹತ್ತಿ ಹೊಲಕ್ಕೆ ಹೋಗಿ ಸಂಜೆ ಇಳಿಯುತ್ತದೆ. ಹತ್ತಿ ಒಡೆದಾಗ ಏರಿ, ಗಿಡ ಬೋಳಾದಾಗ ಇಳಿಯುವ ಈ ಜ್ವರಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರಿಲ್ಲ, ಅಲಂಕಾರಶಾಸ್ತ್ರದಲ್ಲಿದೆ.

ಸೂತ್ರ 2: ವಾಚ್ಯಂ ಜ್ವರಃ, ವ್ಯಂಗ್ಯಂ ಹತ್ತಿಃ

ವೃತ್ತಿ: ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಮಾತಿಗೆ ಮೇಲೆ ಕಾಣುವ ವಾಚ್ಯಾರ್ಥವೊಂದು, ಒಳಗಿಂದ ಹೊಳೆಯುವ ವ್ಯಂಗ್ಯಾರ್ಥವೊಂದು ಎಂದು ಹೇಳಿ ಅದನ್ನು ಧ್ವನಿ ಎಂದು ಕರೆದನು. ಅದೇ ಶತಮಾನದಲ್ಲಿ ನಮ್ಮ ಮಳಖೇಡದ ಆಸ್ಥಾನದಿಂದ ಬಂದ ಕವಿರಾಜಮಾರ್ಗವು ಧ್ವನಿಯನ್ನು ಅಲಂಕಾರಗಳ ಸಾಲಿನಲ್ಲಿ ಎಣಿಸಿತು. ಕನ್ನಡನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಅಳೆದ ಗ್ರಂಥವದು. ನಡುವೆ ಬರುವ ಚಂದ್ರಬಂಡವನ್ನು ಹೆಸರಿಸದಿದ್ದುದು ಗ್ರಂಥಕರ್ತ ಶ್ರೀವಿಜಯನ ಅನವಧಾನವಿರಬೇಕು.

ಉದಾಹರಣೆ: ಚೀಟಿಯಲ್ಲಿ ‘ಫೀವರ್’ ಎಂದಿದೆ, ಅದು ವಾಚ್ಯ. ಚೀಟಿ ಚಾಚಿದ ಬೆರಳಿನ ಉಗುರ ಸಂದಿಯಲ್ಲಿ ಒಣಗಿದ ಹತ್ತಿಕಾಯಿಯ ತುದಿ ಗೀರಿದ ಗಾಯಗಳಿವೆ, ಅದು ವ್ಯಂಗ್ಯ. ಸಹೃದಯನಾದ ಮಾಸ್ತರನು ಚೀಟಿಯನ್ನು ಓದುವುದಿಲ್ಲ, ಬೆರಳನ್ನು ಓದುತ್ತಾನೆ.

ದೋಷಪ್ರಕರಣ

ಹೀಗೆ ಹುಟ್ಟಾ ಧ್ವನಿಕಾರರಾದ ಮಕ್ಕಳಿಗೆ ಹತ್ತನೆಯ ತರಗತಿಯಲ್ಲಿ ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್ ಎಂಬ ಫಿಗರ್ ಆಫ್ ಸ್ಪೀಚುಗಳನ್ನು ಗುರುತಿಸಲು ಕಲಿಸುತ್ತಾರೆ. ಗುರುತಿಸಿದರೆ ಅಂಕವುಂಟು. ಅದು ಯಾರನ್ನು ಏನೆಂದು ಒಪ್ಪಿಸುತ್ತಿದೆ ಎಂದು ಯಾರೂ ಕೇಳುವುದಿಲ್ಲ. ಹಕ್ಕಿಯ ಹೆಸರು ಹೇಳಿದರೆ ಸಾಕು, ಅದು ಹಾರುತ್ತದೋ ಇಲ್ಲವೋ ಸಿಲಬಸ್ಸಿನ ಹೊರಗಿನ ವಿಷಯ.

ಶೇಕ್ಸ್‌ಪಿಯರನ ‘ದ ಮರ್ಚೆಂಟ್ ಆಫ್ ವೆನಿಸ್’ ನಾಟಕದಲ್ಲಿ ಪೋರ್ಶಿಯಾ ಶೈಲಾಕನ ಮುಂದೆ ದಯೆಯ ಪರವಾಗಿ ವಾದಿಸುವ ಭಾಗ ನಮ್ಮ ಹತ್ತನೆಯ ಇಂಗ್ಲಿಷ್ ಪಠ್ಯಕ್ಕೆ ಬಂದಿದೆ. ಅಲ್ಲಿ ಆಕೆ ದಯೆಯನ್ನು ಮಳೆಗೆ ಹೋಲಿಸುತ್ತಾಳೆ. ಪ್ರಬಂಧಕಾರನ ಎದುರಿಗೇ ಒಬ್ಬ ಮಾಸ್ತರರು, ‘ಇಲ್ಲಿ ಯಾವ ಅಲಂಕಾರ?’ ಎಂದು ಕೇಳಿದರು. ಇಡೀ ತರಗತಿ ‘ಸಿಮಿಲಿ’ ಎಂದು ಕೂಗಿತು. ಹಿಂದಿನ ಬೆಂಚಿನಿಂದ ಒಬ್ಬಳು ಮೆಲ್ಲಗೆ ಅಂದಳು:

‘ಹತ್ತಿ ಒಡದಾಗ ಮಳಿ ಬಂದ್ರ ಅದು ದಯಾ ಅಲ್ರೀ ಸರ್. ಅರಳಿ ಎಲ್ಲಾ ಕಪ್ಪ ಆಗ್ತದ.’

ಇದಕ್ಕೆ ಹೆಸರು ವಾಕ್‌ಶಕ್ತಿಯ ವಿಮರ್ಶೆ. ಹೋಲಿಕೆಯೊಂದು ಯಾವ ಕೇಳುಗನಿಗೆ ನಾಟುತ್ತದೆ, ಯಾವನಿಗೆ ನಾಟುವುದಿಲ್ಲ, ಏಕೆ ಎಂದು ಆಕೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ವೆನಿಸಿನ ನ್ಯಾಯಾಲಯದಲ್ಲಿ ಗೆದ್ದ ಉಪಮೆ ರಾಯಚೂರಿನ ಹತ್ತಿ ಹೊಲದಲ್ಲಿ ಸೋತಿತು. ಆದರೆ ಉತ್ತರಪತ್ರಿಕೆಯಲ್ಲಿ ಹೀಗೆ ಬರೆದರೆ ಕೆಂಪು ಗೆರೆ ಖಚಿತ, ‘ಸಿಮಿಲಿ’ ಎಂಬ ಮೂರಕ್ಷರಕ್ಕೆ ಒಂದಂಕ ಖಚಿತ.

ಪರದೇಶೀಯ ಮತ

ಅಮೆರಿಕದ ಹೈಸ್ಕೂಲು ಮಕ್ಕಳಲ್ಲಿ ಇಂಗ್ಲಿಷನ್ನು ಮೇಲ್ಮಟ್ಟದಲ್ಲಿ ಓದುವವರಿಗೆ ‘ಎಪಿ ಇಂಗ್ಲಿಷ್ ಲ್ಯಾಂಗ್ವೇಜ್’ ಎಂಬ ಪರೀಕ್ಷೆಯಿದೆ. ಎರಡೂಕಾಲು ಗಂಟೆಯಲ್ಲಿ ಮೂರು ಪ್ರಬಂಧ ಬರೆಯಬೇಕು. ಅವುಗಳಲ್ಲೊಂದು, ಯಾರದೋ ಭಾಷಣವನ್ನೋ ಪತ್ರವನ್ನೋ ಕೊಟ್ಟು ‘ಇವರು ಕೇಳುವವರನ್ನು ಹೇಗೆ ಒಪ್ಪಿಸಿದರು?’ ಎಂದು ಕೇಳುವುದು. ಅದಕ್ಕೆ 6 ಅಂಕ: ಸ್ವಂತ ವಾದಕ್ಕೆ 1, ಆಧಾರಕ್ಕೂ ವಿವರಣೆಗೂ 4, ನೋಟದ ಸೂಕ್ಷ್ಮತೆಗೆ 1. ಇದರ ಬೇರು ಅರಿಸ್ಟಾಟಲನಲ್ಲಿದೆ. ಹೇಳುವವನ ಮೇಲೆ ನಂಬಿಕೆ ಬರಬೇಕು, ಕೇಳುವವನ ಮನಸ್ಸು ಅಲುಗಬೇಕು, ಮಾತು ತರ್ಕಕ್ಕೆ ನಿಲ್ಲಬೇಕು ಎಂದು ಆತ ಮೂರು ದಾರಿ ಹೇಳಿದ.

ಅಲ್ಲಿನ ಮಕ್ಕಳು ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರವನ್ನು ಹೀಗೆ ಬಿಡಿಸಿ ನೋಡುತ್ತಾರೆ. ನಮ್ಮ ಪದ್ಧತಿಯಲ್ಲಿ ಆ ಪತ್ರಕ್ಕೆ ಹೆಚ್ಚು ಅಂಕ ಬರುವುದು ಕಷ್ಟ. ‘ಸಬ್ಜೆಕ್ಟ್’ ಎಂಬ ಸಾಲು ಇಲ್ಲ, ‘ಥ್ಯಾಂಕಿಂಗ್ ಯೂ’ ಇಲ್ಲ. ಉದ್ದವಂತೂ ಅಡಿಷನಲ್ ಶೀಟು ಕೇಳುವಷ್ಟು.

ಪೂರ್ವಪಕ್ಷ

‘ಹಳ್ಳಿ ಮಕ್ಕಳಿಗೆ ಇಂಗ್ಲಿಷಿನ ಎರಡು ವಾಕ್ಯ ಬಂದರೆ ದೊಡ್ಡದು. ಮನೆಯಲ್ಲಿ ತೆಲುಗು, ಓಣಿಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಇದರ ಮೇಲೆ ವಿಮರ್ಶೆ ಬೇರೆಯೆ?’ ಎಂದು ಕೆಲವರು ಕೇಳುತ್ತಾರೆ. ಉತ್ತರ: ಮೂರು ಭಾಷೆಯಲ್ಲಿ ಯಾರ ಹತ್ತಿರ ಹೇಗೆ ಮಾತಾಡಬೇಕೆಂದು ದಿನಾ ತೂಗಿ ನೋಡುವ ಮಗುವಿಗೆ ಇಲ್ಲದ ವಿಮರ್ಶೆ ಇನ್ನಾರಿಗಿದೆ? ಕಂಡಕ್ಟರನ ಹತ್ತಿರ ಅರ್ಧ ಟಿಕೀಟು ಕೇಳುವ ಮಾತಿನಲ್ಲಿ ಅರಿಸ್ಟಾಟಲನ ಮೂರೂ ದಾರಿಗಳಿವೆ.

ಸಿದ್ಧಾಂತ

ಸಂಶೋಧನೆಯ ಕೊನೆಯ ವಾರ ನಮಗೆ ‘ಙ’ ಪ್ರತಿ ಸಿಕ್ಕಿತು. ಇದು ಮಿರ್ಚಿ ಬಂಡಿಯಿಂದ ಬಂದುದಲ್ಲ. ಮಳೆಯ ಮಾತಾಡಿದ ಹುಡುಗಿಯೇ ಮಾಸ್ತರರಿಗೆ ಕೊಟ್ಟದ್ದು, ಅವರು ಜೇಬಿನಿಂದ ತೆಗೆದು ತೋರಿಸಿದ್ದು. ಗೈಡಿನ ಪಾಠ ಇದರಲ್ಲಿ ಒಂದಕ್ಷರವೂ ಇಲ್ಲ. ಪೂರ್ಣಪಾಠ ಇಷ್ಟೇ: ‘ಸರ್, ಥ್ರೀ ಡೇಸ್ ಕಾಟನ್. ಮದರ್ ಅಲೋನ್. ಐ ವಿಲ್ ಕಮ್ ಮಂಡೇ.’

ನಮ್ಮ ಪದ್ಧತಿಯಲ್ಲಿ ಬೆಲೆ ಕಟ್ಟಿದರೆ: ಫ್ರಂ ಇಲ್ಲ, ಟು ಇಲ್ಲ, ದಿನಾಂಕವಿಲ್ಲ, ಕ್ರಿಯಾಪದ ಒಂದೇ ಒಂದು. ಸೊನ್ನೆ. ಅಮೆರಿಕದ ಅಳತೆಯಲ್ಲಿ: ವಾದ ಮೊದಲ ಸಾಲಿನಲ್ಲೇ ಇದೆ, 1. ಆಧಾರ ‘ಮದರ್ ಅಲೋನ್’ ಎಂಬ ಎರಡು ಪದದಲ್ಲಿ ಒಂದು ಮನೆಯಷ್ಟಿದೆ, 4. ಬೇಡಿಕೊಳ್ಳದೆ, ಫಿದ್ವಿಯಾಗದೆ, ಬರುವ ದಿನವನ್ನು ತಾನೇ ಹೇಳಿದ್ದಾಳೆ, 1. ಆರಕ್ಕೆ ಆರು.

ಆದ್ದರಿಂದ ಮಾಸ್ತರರಲ್ಲಿ ನಮ್ಮ ಬಿನ್ನಹ: ವರ್ಷಕ್ಕೆ ಒಂದು ಪಿರಿಯಡ್ ಗೈಡು ಮುಚ್ಚಿಡಿ. ನಿಜವಾದ ಕಾರಣದ ರಜಾಚೀಟಿಯೊಂದನ್ನು ಬರೆಸಿ, ತಪ್ಪು ಇಂಗ್ಲಿಷಿನಲ್ಲೇ ಆಗಲಿ. ಆಮೇಲೆ ಅದು ನಿಮ್ಮನ್ನು ಹೇಗೆ ಒಪ್ಪಿಸಿತೆಂದು ಅವರಿಂದಲೇ ಹೇಳಿಸಿ.

‘ಙ’ ಪ್ರತಿಯನ್ನು ಓದಿದ ಮಾಸ್ತರರು ಅದನ್ನು ಮಡಿಸಿ ಮತ್ತೆ ಜೇಬಿಗೆ ಇಟ್ಟುಕೊಂಡರು. ಹತ್ತಿ ಎಂದು ಬರೆದರೆ ಮೇಲಿನವರಿಗೆ ಉತ್ತರ ಕೊಡಬೇಕಾಗುತ್ತದೆ. ಹಾಜರಿ ಪುಸ್ತಕದಲ್ಲಿ ಆ ಮೂರು ದಿನಗಳ ಗೈರಿಗೆ ಕಾರಣ ‘ಜ್ವರ’ ಎಂದೇ ಇದೆ.