ಅರುಣೋದಯ ಛಾಯಾಗ್ರಹಣ ಮೀಮಾಂಸೆ: ಸಿಗಂದೂರು ಹಿನ್ನೀರನ್ನು ಅನುಲಕ್ಷಿಸಿ ಒಂದು ತ್ರಿಪಾದಿ ಅಧ್ಯಯನ

ಪ್ರಸ್ತುತ ಪ್ರಬಂಧವು ಸಿಗಂದೂರು ಸಮೀಪದ ಶರಾವತಿ ಹಿನ್ನೀರ ದಡದಲ್ಲಿ ಬೆಳಗಿನ ಜಾವ ಜರುಗುವ ಸಾಮೂಹಿಕ ಛಾಯಾಗ್ರಾಹಕ ಕ್ರಿಯೆಯ ಸ್ವರೂಪ, ಸಂರಚನೆ ಹಾಗೂ ತಾತ್ತ್ವಿಕ ಅನುಸಂಧಾನಗಳನ್ನು ಬಹುಶಿಸ್ತೀಯ ನೆಲೆಯಲ್ಲಿ ನಿಕಷಕ್ಕೊಡ್ಡುವ ವಿನಮ್ರ ಯತ್ನ. 'ವಿನಮ್ರ' ಎಂಬುದು ಇಂಥ ಪ್ರಬಂಧಗಳ ಪಾರಿಭಾಷಿಕ ಪದ, ಅಕ್ಷರಶಃ ಗ್ರಹಿಸತಕ್ಕದ್ದಲ್ಲ.

1. ಕ್ಷೇತ್ರನಿರ್ಣಯ

ಬಂಡೆ, ನೀರು, ಉದಯಸೂರ್ಯ ಈ ಮೂರೂ ಒಂದೇ ಚೌಕಟ್ಟಿನಲ್ಲಿ ಸಮಾವೇಶಗೊಳ್ಳಬೇಕೆಂಬುದು ಶಾಸ್ತ್ರ. ಕರ್ನಾಟಕದ ಕಡಲಾದರೋ ಪಶ್ಚಿಮಕ್ಕಿದೆ. ಅಲ್ಲಿ ಸೂರ್ಯ ಮುಳುಗುತ್ತಾನೆಯೇ ಹೊರತು ಹುಟ್ಟುವುದಿಲ್ಲ. ಈ ಭೌಗೋಳಿಕ ಅನ್ಯಾಯವನ್ನು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸರಿಪಡಿಸಿತು. ಕಳಸವಳ್ಳಿ ದಡದಲ್ಲಿ ಸಾಗರ ಪಟ್ಟಣದ ಕಡೆ ಮುಖ ಮಾಡಿ ನಿಂತರೆ, ನೀರಿನಾಚೆಯಿಂದ ಸೂರ್ಯ ನಿಯಮಬದ್ಧವಾಗಿ ಏಳುತ್ತಾನೆ. ಅಣೆಕಟ್ಟಿನ ಉದ್ದೇಶ ವಿದ್ಯುತ್ ಎಂಬ ವಾದವೂ ಇದೆ. ಅದನ್ನು ಪೂರ್ವಪಕ್ಷವೆಂದು ಬದಿಗಿಡಲಾಗಿದೆ.

2. ವರ್ಗೀಕರಣ

(ಅ) ತ್ರಿಪಾದಿಗಳು: ಕಾರ್ಬನ್ ಫೈಬರಿನ ಮೂರು ಕಾಲು ಊರಿದ ಕ್ಷಣವೇ ಆ ನೆಲ ಇವರ ಖಾತೆಗೆ ಸೇರುತ್ತದೆ. ಪೋಡಿ, ಸರ್ವೆ, ಮ್ಯುಟೇಶನ್ ಯಾವುದೂ ಬೇಕಿಲ್ಲ.

(ಆ) ಕರಿಗಾಜಿನ ಉಪಾಸಕರು: ಲೆನ್ಸಿನ ಮುಂದೆ ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್ ಹಾಕಿದರೆ ಬೆಳಕು ಸಾವಿರದಲ್ಲೊಂದು ಪಾಲಾಗುತ್ತದೆ, ಸೆಕೆಂಡಿನ ಮೂವತ್ತನೇ ಒಂದು ಭಾಗದಲ್ಲಿ ಮುಗಿಯುವ ಚಿತ್ರಕ್ಕೆ 30 ಸೆಕೆಂಡು ಬೇಕಾಗುತ್ತದೆ. ಅಷ್ಟರಲ್ಲಿ ಅಬ್ಬರದ ಅಲೆ ಹಾಲಿನಂತೆ ನುಣುಪಾಗುವುದು ಇದರ ಫಲ. ಹಿನ್ನೀರಿನಲ್ಲಿ ಅಬ್ಬರದ ಅಲೆಯೇ ಇಲ್ಲ. ಜನರನ್ನು ದಡ ದಾಟಿಸುವ ಲಾಂಚ್ ಹೋದಾಗ ಒಂದಿಷ್ಟು ಏಳುತ್ತಿತ್ತು, ಸೇತುವೆ ಬಂದು ಅದೂ ಹೋಯಿತು. ಆದರೂ ಇಲ್ಲದ ಅಲೆಯನ್ನು ನುಣುಪಾಗಿಸುವ ಕಾರ್ಯ ಶ್ರದ್ಧೆಯಿಂದ ನಡೆಯುತ್ತದೆ.

(ಇ) ಉಪದೇಶಕರು: ಹೆಸರಿಗೆ ಅಂತರರಾಷ್ಟ್ರೀಯ ಬಿರುದಿನ ಬಾಲವುಳ್ಳವರು. ಇನ್ನೊಬ್ಬರ ಕ್ಯಾಮೆರಾದ ಪರದೆಗೆ ಇಣುಕಿ "ಲೀಡಿಂಗ್ ಲೈನ್ ಇಲ್ಲ ಕಣ್ರೀ, ಸ್ಟೋರಿ ಎಲ್ಲಿದೆ?" ಎನ್ನುವರು.

(ಈ) ಇಲ್ಲಿ ಡ್ರೋನಿನವರು, ಅವರ ಎರಡು ಉಪವರ್ಗಗಳು, ಕೋಷ್ಟಕ ಎಲ್ಲ ಬರಬೇಕಿತ್ತು. ಬೇಡ. ಏಳು ಗಂಟೆಗೆ ಬೆಳಕು ಗಟ್ಟಿಯಾಯಿತೆಂದು ಎಲ್ಲರೂ ಒಟ್ಟಿಗೆ ಕಾರು ಹತ್ತಿ ತಿಂಡಿಗೆ ಹೋಗುತ್ತಾರೆ. ಒಂದೇ ವರ್ಗ.

3. ಫೋರ್‌ಗ್ರೌಂಡ್ ಸಿದ್ಧಾಂತ

ಬರಿಯ ನೀರು ಮತ್ತು ಸೂರ್ಯ ಇದ್ದರೆ ಅದು ಕ್ಯಾಲೆಂಡರ್. ಮುಂಭಾಗದಲ್ಲೊಂದು ವಸ್ತುವಿದ್ದರೆ ಕಲೆ. ಜಲಾಶಯದ ಪೂರ್ಣಮಟ್ಟ 1819 ಅಡಿ. ಬೇಸಿಗೆಯಲ್ಲಿ ಅದು ಇಳಿದಂತೆ ಕಲಾವಸ್ತುಗಳು ಒಂದೊಂದಾಗಿ ಮೇಲೇಳುತ್ತವೆ: ಒಣಗಿ ನಿಂತ ಮರದ ಬೊಡ್ಡೆ, ಕಲ್ಲುಕಟ್ಟಣೆ, ಮೆಟ್ಟಿಲು. ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟು, 1948ರದ್ದು, ಇಡಿಯಾಗಿ ಎದ್ದು ಬರುತ್ತದೆ. ಅಣೆಕಟ್ಟನ್ನೇ ಮುಳುಗಿಸಿದ ಅಣೆಕಟ್ಟು ಲಿಂಗನಮಕ್ಕಿ. ಮನೆಗಳ ಲೆಕ್ಕ ಯಾರಿಗೆ?

ಮನೆ ಎಂದೆನಲ್ಲ. ಉಪದೇಶಕರು "ಟೆಕ್ಸ್ಚರ್ ನೋಡಿ, ಟೆಕ್ಸ್ಚರ್!" ಎಂದು ಹಿಗ್ಗುವ ಆ ಕಲ್ಲುಸಾಲು ಯಾರದೋ ಮನೆಯ ಪಂಚಾಂಗ. ಮೇಲೆ ಜಗಲಿಯಿತ್ತು, ಜಗಲಿಯ ಮೇಲೆ ಅಡಿಕೆ ಸುಲಿಯುವವರಿದ್ದರು. ತ್ರಿಪಾದಿ ಊರಿದ್ದು ಹೊಸಿಲಿನ ಮೇಲೆ.

ಅಷ್ಟರಲ್ಲಿ ದನ ಅಟ್ಟಿಕೊಂಡು ಹೆಂಗಸೊಬ್ಬಳು ಬರುತ್ತಾಳೆ. "ಅಮ್ಮಾ, ಒಂಚೂರು ಆಚೆ ಸರೀರಿ, ಫ್ರೇಮಿಗೆ ಬರ್ತಿದೀರಿ." ಅವಳು, "ನಿಮ್ಮ ಕೆಲ್ಸ ನೀವು ಮಾಡ್ಕಳಿ ಮಾರಾಯ್ರೆ, ದನ ಹೋಗೋ ದಾರಿ ಇದು." ಉಪದೇಶಕರು ಶಿಷ್ಯನನ್ನು ಸಮಾಧಾನಿಸುತ್ತಾರೆ: "ಬಿಡ್ರೀ, ಲಾಂಗ್ ಎಕ್ಸ್‌ಪೋಶರ್. ನಡೀತಾ ಇರೋರು ಅದ್ರಲ್ಲಿ ಬೀಳಲ್ಲ."

ತಾಂತ್ರಿಕವಾಗಿ ಸರಿಯಾದ ಮಾತು. 30 ಸೆಕೆಂಡು ತೆರೆದ ಕಣ್ಣಿಗೆ ಕಲ್ಲು ಕಾಣುತ್ತದೆ, ನಡೆದುಹೋದ ಮನುಷ್ಯ ಕಾಣುವುದಿಲ್ಲ. ನಮ್ಮ ಕಂದಾಯ ದಾಖಲೆಗಳನ್ನೂ ಯಾರೋ ಇದೇ ಫಿಲ್ಟರ್ ಹಾಕಿ ಬರೆದಿರಬೇಕು. ನಾಡಿಗೆ ಬೆಳಕು ಬೇಕೆಂದು ಗದ್ದೆ ತೋಟ ಬಿಟ್ಟು ಎದ್ದವರ ಮೊಮ್ಮಕ್ಕಳು, ತಮಗೆ ತೋರಿಸಿದ ನೆಲ ಅರಣ್ಯವೋ ಕಂದಾಯವೋ ಎಂಬ ಜಗಳದ ನಡುವೆ ಹಕ್ಕುಪತ್ರಕ್ಕಾಗಿ ಇವತ್ತಿಗೂ ಕಚೇರಿ ಅಲೆಯುತ್ತಿದ್ದಾರೆ. ಅರವತ್ತು ವರ್ಷ! ಇದಕ್ಕೆ ಯಾವ ಪಾರಿಭಾಷಿಕ ಪದ ಹಾಕಲಿ?

4. ಕಾಲಮೀಮಾಂಸೆ

ಸುವರ್ಣಘಳಿಗೆಯೆಂಬುದು ಉಪದೇಶಕರ ಶೋಧವೇನಲ್ಲ. ಲಾಂಚ್ ಸಂಜೆಗೆ ನಿಲ್ಲುತ್ತಿದ್ದ ಕಾಲದಲ್ಲಿ ಕರೂರು, ಬಾರಂಗಿ ಹೋಬಳಿಯವರು ಇದೇ ದಡದಲ್ಲಿ ಸೂರ್ಯೋದಯಕ್ಕೆ ಕಾದಿದ್ದಾರೆ. ಹೆರಿಗೆ ನೋವಿನವಳು, ಎದೆ ಹಿಡಿದುಕೊಂಡವನು, ಜೊತೆಗೆ ಕಂದೀಲು ಹಿಡಿದ ನೆಂಟರು. ಇಲ್ಲವೇ ಕಾಡುದಾರಿಯಲ್ಲಿ ಸುತ್ತಬೇಕಿತ್ತು. ಸೇತುವೆಗೆ ಶಂಕುಸ್ಥಾಪನೆಯಾದದ್ದು 2018ರಲ್ಲಿ, ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಈಗ ಕತ್ತಲಿರುವಾಗಲೇ ಕ್ಯಾಮೆರಾಗಳು ದಾಟಿ ಬರುತ್ತವೆ. ಬಂದು, ಆ ಸೇತುವೆಯನ್ನೇ ಕಂಪ್ಯೂಟರಿನಲ್ಲಿ ಅಳಿಸುತ್ತವೆ; ಸಲಾನು ಸ್ಪರ್ಧೆಗಳ ಪ್ರಕೃತಿ ವಿಭಾಗಕ್ಕೆ ಕಾಂಕ್ರೀಟು ಆಗದಂತೆ.

ಕ್ಯಾಮೆರಾದ ಮೇಲೇನೂ ನನಗೆ ಸಿಟ್ಟಿಲ್ಲ. ಸಾಗರದಲ್ಲಿದ್ದುಕೊಂಡು ಈ ಮುಳುಗಡೆಯನ್ನು ಬರೆದ ನಾ. ಡಿಸೋಜರ 'ದ್ವೀಪ' ಕಾದಂಬರಿಯನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದಾಗ, ಎಚ್.ಎಂ. ರಾಮಚಂದ್ರರ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅಲ್ಲೂ ನೀರಿದೆ, ಮೋಡವಿದೆ, ಒದ್ದೆ ಬೆಳಕಿದೆ. ನಡುವೆ ನಟಿ ಸೌಂದರ್ಯಾ ನಿಂತಿದ್ದಾರೆ. ಸರೀರಿ ಎಂದು ಅವರಿಗೆ ಯಾರೂ ಹೇಳಲಿಲ್ಲ.

ನಮ್ಮವರ ಚಿತ್ರಗಳಿಗೆ 'ಮೌನ', 'ಅನಂತ', 'ಏಕಾಂತ' ಎಂದು ಹೆಸರು. ಮುಳುಗಿದ ಊರಿಗೂ ಒಂದು ಹೆಸರಿತ್ತು, ದನ ಕಾಯುವವಳನ್ನು ಕೇಳಿದ್ದರೆ ಹೇಳುತ್ತಿದ್ದಳು.

ಫಲಶ್ರುತಿ

ಇದನ್ನು ಪಠಿಸಿದವರಿಗೆ ಸಲಾನುಗಳಲ್ಲಿ ರಿಬ್ಬನ್ ಪ್ರಾಪ್ತಿಯಾಗುವುದೆಂದು ಬರೆಯುವುದು ಪದ್ಧತಿ. ಬರೆಯಲಾರೆ. ಹಕ್ಕುಪತ್ರ ಪ್ರಾಪ್ತಿಯಾಗುವಂತಿದ್ದರೆ ಬರೆಯುತ್ತಿದ್ದೆ.