ಕಡಲು ಬರುವುದರೊಳಗೆ

ನಮ್ಮ ತಿಪಟೂರಿನಲ್ಲಿ ಏರುವುದು, ಇಳಿಯುವುದು ಅಂತ ಏನಾದರೂ ಇದ್ದರೆ ಅದು ಕೊಬ್ಬರಿ ದರ. ಅದಕ್ಕೆ ಹೊತ್ತಿಲ್ಲ, ಗೊತ್ತಿಲ್ಲ. ನಾವು ಮಾರಿದ ಮರುದಿನ ಏರುತ್ತದೆ ಎಂಬುದೊಂದೇ ಅದರ ಶಾಸ್ತ್ರ. ಹಾಗಾಗಿ, "ಅಲ್ಲಿ ಕಡಲು ಮಧ್ಯಾಹ್ನ ಎದ್ದು ಹೋಗತ್ತೆ ಅಪ್ಪ, ಸಂಜೆ ವಾಪಸ್ ಬರತ್ತೆ, ಬರೋ ಟೈಮನ್ನ ಪ್ರಿಂಟ್ ಮಾಡಿ ಇಟ್ಟಿರ್ತಾರೆ" ಎಂದು ಮಗಳು ಹೇಳಿದಾಗ ಅರ್ಧ ಮಾತ್ರ ನಂಬಿದೆ. ಅವಳು ಬಿಲ್ಬಾವೊದಲ್ಲಿ ಓದುತ್ತಾಳೆ. ಲ್ಯಾಬಿನಿಂದ ಬಿಡುವಿಲ್ಲವೆಂದು ನಮ್ಮಿಬ್ಬರನ್ನು ಲೆಕೈತಿಯೊ ಎಂಬ ಮೀನುಗಾರರ ಊರಿನ ಬಸ್ಸಿಗೆ ಹತ್ತಿಸಿ, ಎರಡು ರಾತ್ರಿಗೆ ರೂಮು ಮಾಡಿಕೊಟ್ಟಿದ್ದಳು.

ಪ್ರವಾಸವೆಂದರೆ ನನಗೆ ಪಟ್ಟಿ. ಜೇಬಿನಲ್ಲಿ ಪಟ್ಟಿ ಇಲ್ಲದೆ ಧರ್ಮಸ್ಥಳಕ್ಕೂ ಹೋದವನಲ್ಲ. ಈ ಸಲದ ಪಟ್ಟಿ: ಚರ್ಚು, ಬಂದರು, ದ್ವೀಪ, ದೀಪಸ್ತಂಭ. ಒಂದೊಂದಕ್ಕೆ ಮುಕ್ಕಾಲು ಗಂಟೆ. ಬಸ್ಸು ಗುಡ್ಡ ಬಳಸಿ, ಪೈನ್ ಮರಗಳ ನಡುವೆ ಸುತ್ತಿ ಸುತ್ತಿ ಇಳಿದು, ತಿರುವಿನಲ್ಲಿ ಒಮ್ಮೆಲೇ ಕಡಲು ತೋರಿಸಿತು. ಆ ತಿರುವಿಗೆ ಪಟ್ಟಿಯಲ್ಲಿ ಜಾಗ ಇರಲಿಲ್ಲ.

ಸುಮಾರು 7,000 ಜನರ ಊರು. ಸ್ಪೇನಿನ ಉತ್ತರ ಅಂಚಿನಲ್ಲಿ, ಬಾಸ್ಕ್ ನಾಡಿನ ಬಿಸ್ಕಾಯಾ ಪ್ರಾಂತ್ಯಕ್ಕೆ ಸೇರಿದ್ದು. ಬಂದರಿನ ಸುತ್ತ ಕೆಂಪು, ಹಸಿರು, ನೀಲಿ ಬಾಗಿಲು ಕಿಟಕಿಗಳ ಎತ್ತರದ ಮನೆಗಳು ಭುಜಕ್ಕೆ ಭುಜ ತಾಗಿಸಿ ನಿಂತಿವೆ. ಎದುರಿಗೇ, ಊರಿನ ಬಾಯಿಗೆ ಇಟ್ಟ ತುತ್ತಿನ ಹಾಗೆ, ಗರ್ರಾಯ್ಟ್ಸ್ ಎಂಬ ಪುಟ್ಟ ದ್ವೀಪ. ಪ್ರವಾಸಿ ಮಾಹಿತಿ ಕಚೇರಿಗೆ ಹೋಗಿ ದ್ವೀಪಕ್ಕೆ ಟಿಕೆಟ್ ಎಷ್ಟು ಎಂದು ಕೇಳಿದೆ. ಹುಡುಗಿ ಟಿಕೆಟ್ ಕೊಡಲಿಲ್ಲ, ಅಂಕಿಗಳೇ ತುಂಬಿದ ಹಾಳೆಯೊಂದನ್ನು ಕೊಟ್ಟು, ಪೆನ್ಸಿಲಿನಲ್ಲಿ 12:35ಕ್ಕೆ ಸುತ್ತು ಹಾಕಿದಳು. ದೋಣಿ ಹೊರಡುವ ಹೊತ್ತೆಂದುಕೊಂಡೆ. ಅದು ಕಡಲು ಪೂರ್ತಿ ಇಳಿಯುವ ಹೊತ್ತಂತೆ. ಅದಕ್ಕೆ ಒಂದು ಗಂಟೆ ಮೊದಲು ಹೋಗಬಹುದು, ಒಂದು ಗಂಟೆಯೊಳಗೆ ಬಂದುಬಿಡಬೇಕು.

ನನ್ನ ಹೆಂಡತಿ ಹೊನ್ನಾವರದವಳು. ಅವಳು ಹಾಳೆಯತ್ತ ನೋಡಲೂ ಇಲ್ಲ. "ಅಮಾಸೆ ಕಳೆದು ಎರಡು ದಿನ ಆಯ್ತಲ್ಲ, ಇವತ್ತು ಇಳಿತ ಚೆನ್ನಾಗೇ ಇರ್ತದೆ ಬಿಡಿ" ಅಂದಳು. ಮದುವೆಯಾಗಿ 34 ವರ್ಷ, ಏಕಾದಶಿ ಸಂಕಷ್ಟಿಗಳಿಗೆ ಮಾತ್ರ ಪಂಚಾಂಗ ನೋಡುತ್ತಾಳೆ ಎಂದುಕೊಂಡಿದ್ದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರ ಒಂದೇ ಸಾಲಿಗೆ ಬಂದು ಕಡಲನ್ನು ಜಗ್ಗುವುದರಿಂದ ಉಬ್ಬರವೂ ಜೋರು, ಇಳಿತವೂ ಜೋರು. ಅಷ್ಟಮಿಯ ಹೊತ್ತಿಗೆ ಎರಡೂ ಸಪ್ಪೆ. ಪುಸ್ತಕದಲ್ಲಿ ಓದಿದ್ದೆ. ಅವಳು ಅಜ್ಜನ ದೋಣಿಯಲ್ಲಿ ಕಲಿತಿದ್ದಳು. ವ್ಯತ್ಯಾಸ ಎಂದರೆ ಹೊನ್ನಾವರದಲ್ಲಿ ಕಡಲು ಒಂದಾಳು ಎತ್ತರ ಏರಿಳಿದರೆ ಹೆಚ್ಚು. ಈ ಬಿಸ್ಕೆ ಕೊಲ್ಲಿಯಲ್ಲಿ ಅಂಥ ದಿನಗಳಲ್ಲಿ 4 ಮೀಟರ್ ದಾಟುತ್ತದೆ.

ಗಂಟೆ ಇನ್ನೂ ಒಂಬತ್ತೂವರೆ. ಕಾಯಬೇಕಾಯಿತು. ಸಾಂತಾ ಮರಿಯಾ ಚರ್ಚಿಗೆ ಹೋದೆವು. ಒಳಗೆ ನೆಲದಿಂದ ಮೇಲಿನವರೆಗೆ ಚಿನ್ನದ ನೀರು ಕುಡಿದ ಮರದ ಕೆತ್ತನೆ. ಸ್ಪೇನಿನಲ್ಲಿ ಸೆವಿಯಾ, ಟೊಲೆಡೊ ಬಿಟ್ಟರೆ ಇದೇ ದೊಡ್ಡದು ಎನ್ನುತ್ತಾರೆ. ಮೀನು ಹಿಡಿಯುವವರಿಗೆ ಇಷ್ಟು ಚಿನ್ನ ಎಲ್ಲಿಂದ ಎಂಬ ನನ್ನ ಅನುಮಾನಕ್ಕೆ ಊರಿನ ಲಾಂಛನವೇ ಉತ್ತರ ಹೇಳಿತು. ಅದರಲ್ಲಿ ತಿಮಿಂಗಿಲವನ್ನು ಬೆನ್ನಟ್ಟುವ ದೋಣಿಯಿದೆ. ಒಂದು ಕಾಲಕ್ಕೆ ಇವರು ತಿಮಿಂಗಿಲ ಬೇಟೆಗಾರರು. ಲ್ಯಾಟಿನ್ನಿನಲ್ಲಿ ಬಿರುದಾವಳಿ ಬೇರೆ: ರಾಜರನ್ನು ಸೋಲಿಸಿದ, ಭಯಂಕರ ತಿಮಿಂಗಿಲಗಳನ್ನು ಅಡಗಿಸಿದ ಊರು ಎಂಬ ಅರ್ಥದ್ದು. ಏಳು ಸಾವಿರ ಜನರಿಗೆ ಇದು ಕೊಂಚ ಹೆಚ್ಚಾಯಿತು ಅನ್ನಿಸಿತು. ಆದರೆ ಸೋತ ರಾಜಮನೆತನವೊಂದಕ್ಕೆ ಈ ಊರು ನೆಲೆ ಕೊಟ್ಟದ್ದಂತೂ ನಿಜ. ಆಸ್ಟ್ರಿಯಾದ ಕೊನೆಯ ಸಾಮ್ರಾಜ್ಞಿ ಜೀಟಾ, ಗಂಡ ತೀರಿಕೊಂಡ 1922ರಲ್ಲಿ ಎಂಟು ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದು, 1929ರವರೆಗೆ ಇದ್ದಳು. ಮಕ್ಕಳಿಗೆ ಪಾಠ ಹೇಳಿಸುತ್ತ, ಕಿಟಕಿಯಿಂದ ಇದೇ ದ್ವೀಪ ನೋಡುತ್ತ ಕೂತಿದ್ದಿರಬೇಕು. ಸಾಮ್ರಾಜ್ಯ ವಾಪಸು ಬರುವ ಹೊತ್ತನ್ನು ಯಾರೂ ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಡುವುದಿಲ್ಲ.

ಬಂದರಿನ ಬಾರೊಂದರಲ್ಲಿ ಗಿಲ್ಡಾ ತಿಂದೆವು. ಒಂದು ಹಲ್ಲುಕಡ್ಡಿಗೆ ಆಲಿವ್, ಉಪ್ಪಿನಲ್ಲಿ ಹದಗೊಳಿಸಿದ ಆಂಚೊವಿ ಮೀನು, ಹಸಿರು ಮೆಣಸಿನಕಾಯಿ, ಅಷ್ಟೆ. 1946ರ ಸಿನಿಮಾ ನಾಯಕಿಯ ಹೆಸರಂತೆ: ಹಸಿರು, ಉಪ್ಪು, ಸ್ವಲ್ಪ ಖಾರ. ಬಾರಿನವನು ಮೆಣಸಿನಕಾಯಿಯತ್ತ ಬೆರಳು ತೋರಿಸಿ, ಬಾಯಿಗೆ ಗಾಳಿ ಹಾಕಿಕೊಂಡು ಎಚ್ಚರಿಕೆ ಕೊಟ್ಟ. ಹೆಂಡತಿ ಅಗಿದು ನೋಡಿ, "ಸೌತೆಕಾಯಿ" ಎಂದು ತೀರ್ಪು ಕೊಟ್ಟಳು. ಮೀನಿಗೆ ಮಾತ್ರ ಪೂರ್ತಿ ಅಂಕ. ಗೋಡೆಯ ಮೇಲೊಂದು ಫೋಟೊ: ಎಂಟು ಜನ ಮೀನುಗಾರರು ಹೆಗಲ ಮೇಲೆ ಪೆಟ್ಟಿಗೆ ಹೊತ್ತಿದ್ದಾರೆ, ಪೆಟ್ಟಿಗೆಯ ಮೇಲೆ ಒಬ್ಬ ಕುಣಿಯುತ್ತಿದ್ದಾನೆ, ಒಂದು ಕೈಯಲ್ಲಿ ಎತ್ತರದ ಟೋಪಿ, ಇನ್ನೊಂದರಲ್ಲಿ ಬಾವುಟ. ಕಶರ್ರಾಂಕಾ. ಮೀನುಗಾರರ ಸಂಘದ ಲೆಕ್ಕಪತ್ರದ ಪೆಟ್ಟಿಗೆ ಹಳೆಯ ಮುಖಂಡನ ಮನೆಯಿಂದ ಹೊಸಬನ ಮನೆಗೆ ಹೋಗುತ್ತಿದ್ದುದರ ನೆನಪಿಗೆ ಜೂನ್ 29ರಂದು ನಡೆಯುವ ಕುಣಿತ. ನಮ್ಮ ಸಹಕಾರ ಸಂಘದ ಲೆಕ್ಕಪತ್ರದ ಮೇಲೂ ಕೆಲವರು ಕುಣಿದದ್ದುಂಟು, ಆದರೆ ಹೀಗೆ ಬಹಿರಂಗವಾಗಿ ಅಲ್ಲ. ಸೆಪ್ಟೆಂಬರಿನ ಹಬ್ಬದಲ್ಲಿ ಬಂದರಿಗೆ ಅಡ್ಡಲಾಗಿ ಹಗ್ಗ ಕಟ್ಟಿ, ಅದಕ್ಕೆ ಹೆಬ್ಬಾತು ತೂಗುಹಾಕಿ, ಒಬ್ಬೊಬ್ಬರೇ ಅದರ ಕೊರಳಿಗೆ ಜೋತು ಬಿದ್ದು, ಹಗ್ಗ ಜಗ್ಗಿದಂತೆ ನೀರಿಗೂ ಆಕಾಶಕ್ಕೂ ಏರಿಳಿಯುತ್ತಾರಂತೆ. ಹಿಂದೆ ಜೀವಂತ ಹಕ್ಕಿ, ಈಗ ಹಾಗಿಲ್ಲ. ಈ ಊರಿನವರಿಗೆ ಏರಿಳಿತವಿಲ್ಲದೆ ಮನರಂಜನೆಯೂ ಇಲ್ಲ.

ಅವರ ಮಾತು ಕೇಳುತ್ತ ಕೂತರೆ ಒಂದು ಪದವೂ ದಕ್ಕುವುದಿಲ್ಲ. ಬಾಸ್ಕ್ ಭಾಷೆಗೆ ಪ್ರಪಂಚದಲ್ಲಿ ನಂಟರೇ ಪತ್ತೆಯಾಗಿಲ್ಲ. ಆದರೂ ಮಗಳು ಬರೆದುಕೊಟ್ಟ ಚೀಟಿ ನೋಡಿ ಬೆರಗಾದೆ. ಲೆಕೈತಿಯೊರಾ ಎಂದರೆ ಲೆಕೈತಿಯೊಗೆ, ಲೆಕೈತಿಯೊತಿಕ್ ಎಂದರೆ ಲೆಕೈತಿಯೊದಿಂದ. ಹೆಸರಿನ ಬಾಲಕ್ಕೆ ಪ್ರತ್ಯಯ, ಸಾಮಾನ್ಯವಾಗಿ ವಾಕ್ಯದ ಕೊನೆಗೆ ಕ್ರಿಯಾಪದ. ನೆಂಟಸ್ತಿಕೆ ಇಲ್ಲದಿದ್ದರೇನು, ನಮ್ಮ ಹಾಗೆಯೇ ಮಾತಿನ ಮುಖ್ಯ ವಿಷಯವನ್ನು ಕೊನೆಯವರೆಗೆ ಬಚ್ಚಿಟ್ಟುಕೊಳ್ಳುವ ಜನ. ಉಬ್ಬರಕ್ಕೆ ಇತ್ಸಸ್‌ಗೊರಾ, ಕಡಲು ಮೇಲೆ. ಇಳಿತಕ್ಕೆ ಇತ್ಸಸ್‌ಬೆಹೆರಾ, ಕಡಲು ಕೆಳಗೆ. ಸೋನೆಮಳೆಗೆ ಚಿರಿಮಿರಿ. ಇದಕ್ಕಂತೂ ಅನುವಾದವೇ ಬೇಡ. ಬಾರಿನಿಂದ ಹೊರಬರುತ್ತಲೇ ಅದು ಹಿಡಿದುಕೊಂಡಿತು. ಮಗಳ ಕೊಡೆ ಬಿಚ್ಚಿದೆ.

ಹನ್ನೊಂದೂಮುಕ್ಕಾಲಿಗೆ ಇಸುಂತ್ಸ ಕಡಲದಂಡೆಗೆ ಬಂದು ನೋಡುತ್ತೇನೆ, ಬೆಳಗ್ಗೆ ನೀರಿದ್ದ ಕಡೆ ಮರಳು. ಲೇಯಾ ನದಿಯ ಬಾಯಲ್ಲಿ ಸಣ್ಣ ದೋಣಿಗಳು ಊಟವಾದ ಮೇಲಿನ ನೆಂಟರ ಹಾಗೆ ಮಗ್ಗುಲಾಗಿ ಬಿದ್ದುಕೊಂಡಿದ್ದವು. ದ್ವೀಪದವರೆಗೆ ಒಂದು ಕಲ್ಲಿನ ಕಟ್ಟೆ ಎದ್ದು ಬಂದಿತ್ತು. ಮೇಲೆಲ್ಲ ಪಾಚಿ. ಹೆಂಡತಿ ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡು, ಕಾಲಿನ ಬೆರಳುಗಳನ್ನು ಒತ್ತಿ ಒತ್ತಿ, ಗದ್ದೆಯ ಬದುವಿನ ಮೇಲೆ ನಡೆದ ಹಾಗೆ ನಡೆದುಬಿಟ್ಟಳು. ನನ್ನದು ಹೊಸ ಸ್ಪೋರ್ಟ್ಸ್ ಶೂ. ಅಂಗಡಿಯವನು ಎವರೆಸ್ಟಿಗೂ ಆಗುತ್ತದೆ ಎಂದಿದ್ದ. ಹತ್ತನೇ ಹೆಜ್ಜೆಗೆ ಕೂತೆ. ನಾನು ಕೂತಿದ್ದಾಗ, ಮೊಮ್ಮಗನ ಕೈ ಹಿಡಿದು ಬಕೆಟ್ಟು ತೂಗಿಸಿಕೊಂಡು ಬಂದ ಅಜ್ಜಿಯೊಬ್ಬಳು "ಅಗುರ್" ಎಂದು ನನ್ನನ್ನು ದಾಟಿ ಹೋದಳು. ಅದರರ್ಥ ಹೋಗಿಬರುತ್ತೇನೆ ಎಂದು ಆಮೇಲೆ ತಿಳಿಯಿತು. ನನ್ನ ಸ್ಥಿತಿ ನೋಡಿ ಕೊನೆಯ ವಿದಾಯವನ್ನೇ ಹೇಳಿರಬೇಕು.

ದ್ವೀಪದ ಮೇಲೆ ನೋಡುವಂಥದ್ದು ಹೆಚ್ಚೇನಿಲ್ಲ. ಗಿಡಮರ, ಹಳೆಯ ಗೋಡೆಗಳ ಅವಶೇಷ, ಕೂಗಾಡುವ ಕಡಲಹಕ್ಕಿಗಳು. ಆದರೆ ಅಲ್ಲಿಂದ ಊರನ್ನು ನೋಡಬೇಕು. ಬಣ್ಣದ ಕಿಟಕಿಗಳೆಲ್ಲ ನಮ್ಮ ಕಡೆಗೇ ತಿರುಗಿ, ಇವರು ಹೊತ್ತಿಗೆ ಸರಿಯಾಗಿ ಬರುತ್ತಾರೋ ಇಲ್ಲವೋ ಎಂದು ಕಾದಂತಿತ್ತು. ಹೆಂಡತಿ ಕಲ್ಲಿನ ಪೊಟರೆಯಲ್ಲಿ ನಿಂತ ನೀರಿಗೆ ಬಗ್ಗಿ ಏಡಿ ಮರಿಯೊಂದರ ಜೊತೆ ಕಾಲ ಕಳೆದಳು. ನಾನು ಎರಡು ನಿಮಿಷಕ್ಕೊಮ್ಮೆ ವಾಚು ನೋಡಿದೆ. 12:50ಕ್ಕೆ ಕಟ್ಟೆಯ ಒಂದು ಕಲ್ಲಿನ ಪಾಚಿ ಅಲುಗಿದಂತಾಯಿತು. "ಬಾ ಬಾ, ಬಂತು" ಎಂದು ಅವಳನ್ನು ಎಬ್ಬಿಸಿಕೊಂಡು ಹೊರಟೆ. ಅಜ್ಜಿ, ಮೊಮ್ಮಗ ಅಲ್ಲೇ ಮರಳಿನಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದರು.

ನದಿಯ ದಂಡೆಯಲ್ಲಿ ಹಳೆಯ ಗಿರಣಿಯೊಂದಿದೆ, ಮರಿಯೆರ್ರೋತಾ. ಉಬ್ಬರದಲ್ಲಿ ಬಂದ ನೀರನ್ನು ಕೆರೆಯಂಥ ಕಟ್ಟೆಯೊಳಗೆ ಬಿಟ್ಟುಕೊಂಡು ಬಾಗಿಲು ಹಾಕುವುದು, ಕಡಲು ಇಳಿದ ಮೇಲೆ ಆ ನೀರನ್ನು ಬಿಟ್ಟು ಬೀಸುಗಲ್ಲು ತಿರುಗಿಸುವುದು. ಇಳಿತ ನಡುರಾತ್ರಿ ಬಂದರೆ ಬೀಸುವುದೂ ನಡುರಾತ್ರಿ. ಹೆಂಡತಿ ಬಹಳ ಹೊತ್ತು ಆ ಗಿರಣಿಯವನ ಹೆಂಡತಿಯ ಬಗ್ಗೆ ಯೋಚಿಸುತ್ತ ನಿಂತಿದ್ದಳು.

ಸಾಂತಾ ಕಾತಾಲಿನಾ ದೀಪಸ್ತಂಭಕ್ಕೆ ಹೋಗುವ ದಾರಿ ಏರು, ಗಾಳಿ ಹೆಚ್ಚು, ನೋಟ ಅಗಾಧ. ಪಟ್ಟಿಯಲ್ಲಿ ಗೀಟು ಎಳೆದೆ. ಇಳಿದು ಬರುವಾಗ ಮತ್ತೆ ಚಿರಿಮಿರಿ. ಕೊಡೆಗೆ ಕೈ ಹಾಕಿದೆ. ಕೊಡೆ ಇಲ್ಲ. ಕಟ್ಟೆಯ ಮೇಲೆ ಬೀಳದಿರಲು ಎರಡೂ ಕೈ ಬೇಕೆಂದು ದ್ವೀಪದ ಗೋಡೆಗೆ ಒರಗಿಸಿ ಬಂದಿದ್ದೆ. ದಂಡೆಗೆ ಓಡಿದರೆ ಕಟ್ಟೆಯೂ ಇಲ್ಲ, ಮರಳೂ ಇಲ್ಲ. ನೀರು ತುಂಬಿಕೊಂಡು, ತಾನು ಎದ್ದು ಹೋದದ್ದೇ ಇಲ್ಲವೆಂಬಂತೆ ಕೂತಿತ್ತು.

ಮಾಹಿತಿ ಕಚೇರಿಯ ಹುಡುಗಿ ಬಾಗಿಲು ಹಾಕುತ್ತಿದ್ದವಳು ನಿಂತು ಎಲ್ಲವನ್ನೂ ಕೇಳಿ, ನನ್ನ ಹಾಳೆ ಇಸಿದುಕೊಂಡು ಎರಡು ಸುತ್ತು ಹಾಕಿದಳು. ರಾತ್ರಿ 1:00. ನಾಳೆ ಮಧ್ಯಾಹ್ನ 1:25. ಯಾವುದು ಅನುಕೂಲ ಎಂಬಂತೆ ನೋಡಿದಳು.

"ನಾಳೆದು" ಅಂದಳು ಹೆಂಡತಿ, ಸೆರಗು ತಲೆಗೆ ಹೊದ್ದುಕೊಳ್ಳುತ್ತ. "ಆ ಏಡಿನೂ ನೋಡ್ಕಂಡು ಬರ್ಲಕ್ಕು."