ಊರಿಗೊಬ್ಬ ಫೈನಲಪ್ಪ

ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ತಾಲ್ಲೂಕು ನಾಲ್ಕು: ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. ಫೈನಲಪ್ಪನಿಗೂ ದಿಕ್ಕು ನಾಲ್ಕು: ಕಾಲೇಜು, ಕೆಲಸ, ಗೆಳೆಯರು, ಮನೆ. ಜಿಲ್ಲೆಯನ್ನು ನೋಡಿಕೊಳ್ಳಲು ಜಿಲ್ಲಾಧಿಕಾರಿ, ತಹಶೀಲ್ದಾರರು, ಅವರ ಕೈಕೆಳಗೆ ಒಂದು ದೊಡ್ಡ ಪಡೆ ಇದೆ. ಫೈನಲಪ್ಪನ ಬಳಿ ಇರುವುದು ಅಪ್ಪನ ಹೆಸರಿನಲ್ಲಿರುವ ಒಂದು ಹಳೇ ಬೈಕು, ಅದೂ ಸದಾ ರಿಸರ್ವ್‌ನಲ್ಲಿ.

ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿದೆ. ಹಾಜರಿ ಪುಸ್ತಕಕ್ಕೂ ಅವನಿಗೂ ಅಷ್ಟೊಂದು ಬಳಕೆಯಿಲ್ಲ. ಡಿಗ್ರಿಯ ಕೊನೇ ವರ್ಷಕ್ಕೆ ಕಾಲಿಟ್ಟಂದಿನಿಂದ ಯಾವ ಕೆಲಸ ಹೇಳಿದರೂ "ಫೈನಲ್ ಇಯರಪ್ಪ, ಆಗಲ್ಲ" ಅನ್ನುವುದು, ಅಂದು ಮುಗಿಸಿ ಆ ಕೆಲಸಕ್ಕೇ ಹೊರಡುವುದು. ನೋಡಿ ನೋಡಿ ಊರವರೇ ಫೈನಲಪ್ಪ ಎಂದು ನಾಮಕರಣ ಮಾಡಿದರು. ಅವನು ಓದುತ್ತಿರುವುದು ತಾಲ್ಲೂಕಿನ ಕಾಲೇಜಿನಲ್ಲಿ, ಬಿ.ಕಾಂ. ಅದೇ ಇಂಜಿನಿಯರಿಂಗ್ ಆಗಿದ್ದರೆ ಮನೆಯವರು ಟಿವಿ ಸದ್ದು ಕಡಿಮೆ ಮಾಡುತ್ತಿದ್ದರು. ಮೆಡಿಕಲ್ ಆಗಿದ್ದರೆ ಟಿವಿಯನ್ನೇ ಮಾರುತ್ತಿದ್ದರು. ಇದು "ಬರೀ ಡಿಗ್ರಿ ತಾನೆ, ಓದೋದೇನಿದೆ?" ಹೀಗೆ ತೀರ್ಮಾನವಾದ ಮೇಲೆ ಅವನ ಸಮಯ ಊರ ಗೋಮಾಳ; ಯಾರು ಬೇಕಾದರೂ ದನ ಬಿಡಬಹುದು. ಗೋಮಾಳ ಒತ್ತುವರಿಯಾದರೆ ಅರ್ಜಿ ಕೊಟ್ಟು ತೆರವು ಮಾಡಿಸಬಹುದು. ಇವನ ಸಮಯಕ್ಕೆ ಆ ಸರ್ವೆ ನಂಬರೂ ಇಲ್ಲ.

ಬೆಳಗ್ಗೆ ಅವನನ್ನು ನೋಡಬೇಕಾದರೆ ಡೇರಿಗೆ ಹೋಗಿ. ರಾತ್ರಿ ಶಿಫ್ಟಿನ ಅಂಗಿ ಬದಲಿಸದೆ, ಕತ್ತಿನಲ್ಲಿ ಐಡಿ ಕಾರ್ಡು, ಕೈಯಲ್ಲಿ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ತೂಕಡಿಸುತ್ತಿರುತ್ತಾನೆ. ಕಾರ್ಯದರ್ಶಿ ಲ್ಯಾಕ್ಟೋಮೀಟರ್ ಮುಳುಗಿಸಿ, ಕಣ್ಣು ಕಿರಿದು ಮಾಡಿ ನೋಡಿ, "ನಿಮ್ಮ ಹಸೀಗೆ ಇಪ್ಪತ್ತೆಂಟು ಡಿಗ್ರಿ ಬಂತು ಕಣಪ್ಪ, ನಿಂಗಿನ್ನೂ ಒಂದೂ ಬರ್ಲಿಲ್ವಲ್ಲೋ" ಅನ್ನುತ್ತಾನೆ. ಸಾಲಿನಲ್ಲಿದ್ದವರೆಲ್ಲ ನಗುತ್ತಾರೆ. ಬಮೂಲ್‌ಗೆ ಹಾಲು ಹೋಗುವುದು ಒಂದು ದಿನ ತಪ್ಪಿದರೂ ತಪ್ಪೀತು, ಈ ಹಾಸ್ಯ ತಪ್ಪುವುದಿಲ್ಲ.

ಅಪ್ಪನ ತಕರಾರು ಬೇರೆ. ಡಿಗ್ರಿ ಎಷ್ಟು ವರ್ಷ ಅನ್ನುವುದೇ ಅವರಿಗೆ ಬಗೆಹರಿದಿಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದು ನಾಲ್ಕನೇ ವರ್ಷವೊಂದು ಸೇರಿಕೊಂಡಿತು. 2024ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ಸೇರುವವರಿಗೆ ಮತ್ತೆ ಮೂರೇ ವರ್ಷ ಅಂದಿತು. ನಡುವೆ ಸೇರಿದವರು ಮೂರಕ್ಕೇ ನಿಲ್ಲಿಸಬಹುದು, ಬೇಕಾದವರು ನಾಲ್ಕಕ್ಕೂ ಹೋಗಬಹುದು. ಫೈನಲಪ್ಪ ಇದನ್ನು ಊಟದ ಹೊತ್ತಲ್ಲಿ ಸಾವಧಾನವಾಗಿ ವಿವರಿಸಿದ. ಅಪ್ಪ ಮುದ್ದೆ ಮುರಿಯುತ್ತ ಕೇಳಿಸಿಕೊಂಡು, "ಸರ್ಕಾರದ ಮಾತು ಆಮೇಲಾಯ್ತು. ನಿಂದು ಎಷ್ಟು ಸಬ್ಜೆಕ್ಟ್ ಹೋಗೈತೆ ಹೇಳ್ಲಾ, ವರ್ಸ ನಾನೇ ಲೆಕ್ಕ ಹಾಕ್ತೀನಿ" ಅಂದರು.

ಇನ್ನು ಮನೆಯಲ್ಲಿ ರೇಷ್ಮೆ ಹುಳು ಸಾಕುವವರಿದ್ದರಂತೂ ಮುಗಿಯಿತು. ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಅಂದರೆ ಸೊಪ್ಪು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ನಿಂತು, ಪೊರೆ ಕಳಚುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಅದರ ನಿಜವಾದ ಊಟ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಆ ಕೊನೇ ವಾರದಲ್ಲೇ ಖಾಲಿ. ಹಗಲು ರಾತ್ರಿ ಸೊಪ್ಪು ಕೊಯ್ಯಬೇಕು, ಹೊರಬೇಕು, ಹಾಕಬೇಕು. ಫೈನಲಪ್ಪನ ಮನೆಯ ಹುಳುಗಳು ಬಹಳ ತಿಳಿದ ಹುಳುಗಳು. ಕಾಲೇಜಿನ ನೋಟೀಸ್ ಬೋರ್ಡಿಗೆ ಇಂಟರ್ನಲ್ಸ್ ವೇಳಾಪಟ್ಟಿ ಅಂಟಿಸಿದ ದಿನವೇ ಅವು ನಾಲ್ಕನೇ ಜ್ವರ ಬಿಟ್ಟು ಏಳುತ್ತವೆ.

ಆಗ ಅವನು ರಜಾ ಚೀಟಿ ಬರೆಯುತ್ತಾನೆ: "ಮಾನ್ಯರೇ, ಮನೆಯಲ್ಲಿ ಜ್ವರ ಬಿಟ್ಟಿರುವ ಕಾರಣ ಒಂದು ವಾರ ಬರಲಾಗುವುದಿಲ್ಲ." ಊರು ಬೇರೆಯಾಗಿದ್ದರೆ ಚೀಟಿ ನೋಡಿ ಗಾಬರಿಯಾಗುತ್ತಿದ್ದರೇನೋ. ಈ ಸೀಮೆಯ ಉಪನ್ಯಾಸಕರು, "ಎಷ್ಟು ಮೊಟ್ಟೆ ಕಟ್ಟಿದ್ದೀರಪ್ಪ? ಗೂಡು ವಿಜಯಪುರದ ಮಾರ್ಕೆಟ್ಟಿಗೋ, ಶಿಡ್ಲಘಟ್ಟಕ್ಕೋ?" ಎಂದು ವಿಚಾರಿಸಿ ಸಹಿ ಹಾಕುತ್ತಾರೆ. ಅವರೂ ಅತಿಥಿ ಉಪನ್ಯಾಸಕರು. ಬೆಳಗ್ಗೆ ಇಲ್ಲಿ ಪಾಠ, ಮಧ್ಯಾಹ್ನ ಇನ್ನೊಂದು ಕಾಲೇಜು, ಸಂಜೆ ಟ್ಯೂಷನ್, ಭಾನುವಾರ ತೋಟ. ಹತ್ತು ವರ್ಷದ ಹಿಂದಿನ ಫೈನಲಪ್ಪ ಅವರೇ. ಆದರೂ ಶೇಕಡ 75 ಹಾಜರಿಯ ನಿಯಮವನ್ನು ಅವರು ನೆನಪಿಸಲೇಬೇಕು, ಇವನು ತಲೆ ತಗ್ಗಿಸಿ ನಿಲ್ಲಲೇಬೇಕು. ಒಂದು ವಾರ ಬಿಟ್ಟು ಕೊಡುವ ಅಸೈನ್‌ಮೆಂಟಿನ ಹಾಳೆಗಳ ನಡುವೆ ಒಂದೆರಡು ಹಿಪ್ಪುನೇರಳೆ ಎಲೆ ಸಿಕ್ಕರೆ ಅದಕ್ಕೆ ಮಾರ್ಕ್ಸ್ ಕಳೆಯುವ ಪದ್ಧತಿ ಇಲ್ಲ.

ಹುಳು ಹಣ್ಣಾಗಿ ಚಂದ್ರಂಕಿ ಸೇರಿದರೂ ಮನೆಯ ಕೆಲಸ ಮುಗಿಯಿತು ಅನ್ನುವ ಹಾಗಿಲ್ಲ. ಮನೆಯ ಪಾಲಿಗೆ ಅವನೇ ಕಂಪ್ಯೂಟರ್ ಸೆಂಟರು. ರೇಷನ್ ಕಾರ್ಡಿನ ಇ-ಕೆವೈಸಿ, ಅಪ್ಪನ ಪಹಣಿ, ಚಿಕ್ಕಪ್ಪನ ಇ-ಸ್ವತ್ತು, ಅಜ್ಜಿಯ ಸಂಧ್ಯಾ ಸುರಕ್ಷಾ ಪಿಂಚಣಿ, ಅಮ್ಮನ ಗೃಹಲಕ್ಷ್ಮಿಯ 2000 ರೂಪಾಯಿ ಬಂತೋ ಇಲ್ಲವೋ ಎಂದು ತಿಂಗಳಿಗೆ ಹತ್ತು ಸಲ ನೋಡುವುದು, ಎಲ್ಲ ಅವನದೇ. ಇಷ್ಟೆಲ್ಲ ಪೋರ್ಟಲ್‌ಗಳ ಬಾಗಿಲು ತೆಗೆದವನಿಗೆ ತನ್ನ ವಿದ್ಯಾರ್ಥಿವೇತನದ ಅರ್ಜಿ ಮಾತ್ರ ಒಲಿಯುವುದಿಲ್ಲ. ಕಾರಣ, ಅದರ ಓಟಿಪಿ ಹೋಗುವುದು ಅಪ್ಪನ ಹಳೇ ನಂಬರಿಗೆ. ಆ ಸಿಮ್ ಈಗ ಭಾವನ ಹತ್ತಿರ ಇದೆ. ಭಾವ ಫೋನು ಎತ್ತುವುದಿಲ್ಲ, ಯಾಕೆಂದರೆ ಅಕ್ಕನಿಗೂ ಅವರಿಗೂ ಮಾತಿಲ್ಲ.

ಮದುವೆಗಳದ್ದು ಇನ್ನೊಂದು ಕಥೆ. ಈ ಕಡೆಯ ಮದುವೆಗಳಿಗೂ ಆರನೇ ಸೆಮಿಸ್ಟರಿಗೂ ಏನೋ ಜಾತಕ ಕೂಡಿಬಂದಿದೆ; ಎರಡೂ ಬೇಸಿಗೆಯಲ್ಲೇ ಕೂರುತ್ತವೆ. ಲಗ್ನಪತ್ರಿಕೆ ಹಂಚಲು ಬೈಕಿರುವ ಗಂಡುಹುಡುಗ ಬೇಕು. "ಫೈನಲ್ ಇಯರು ದೊಡ್ಡಮ್ಮ…" ಅಂದರೆ, "ಅಯ್ಯೋ, ಓದೋದು ಇದ್ದಿದ್ದೇ ಕಣೋ ಮಗ, ಮದ್ವೆ ದಿನಾ ಆಗ್ತದಾ?" ಎಂಬ ಉತ್ತರ ಸಿದ್ಧ. ತೂಬಗೆರೆಯಿಂದ ಸೂಲಿಬೆಲೆವರೆಗೆ ಇನ್ನೂರು ಮನೆಗೆ ಪತ್ರಿಕೆ ಕೊಟ್ಟು, ಇನ್ನೂರು ಮನೆಯಲ್ಲೂ "ಮುಂದೇನಪ್ಪ?" ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಬರುತ್ತಾನೆ. ವಿಶ್ವವಿದ್ಯಾಲಯದ ವೈವಾ ಇದಕ್ಕಿಂತ ಸುಲಭ. ಅಲ್ಲಿ ಪ್ರಶ್ನೆ ಕೇಳುವವರು ಇಬ್ಬರೇ, ಕಾಫಿ ಕುಡಿಯಲೇಬೇಕೆಂಬ ಬಲವಂತವೂ ಇಲ್ಲ.

ಇನ್ನು ಕೆಲಸ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಬಳಿ ವಿಮಾನಗಳು ಇಳಿಯತೊಡಗಿದಾಗ ಫೈನಲಪ್ಪ ಅಂಗನವಾಡಿಯಲ್ಲಿದ್ದ. ಅವನೂ ಬೆಳೆದ, ಸುತ್ತಲಿನ ಭೂಮಿಯ ಬೆಲೆಯೂ ಬೆಳೆಯಿತು. ಬೆಲೆ ಇವನಿಗಿಂತ ಮೊದಲು ಮೀಸೆ ತಿರುವಿತು. ಈಗ ಅವನು ಅಲ್ಲಿನ ಸರಕು ಗೋದಾಮಿನಲ್ಲಿ ರಾತ್ರಿ ಶಿಫ್ಟು. ಹೂವು, ಹಣ್ಣು, ಔಷಧಿಯ ಪೆಟ್ಟಿಗೆಗಳನ್ನು ಎಣಿಸಿ, ಚೀಟಿ ಅಂಟಿಸಿ, ದುಬೈಗೂ ಲಂಡನ್ನಿಗೂ ಕಳಿಸಿ, ಬೆಳಗಾಗುವಷ್ಟರಲ್ಲಿ ಹಾಲಿನ ಕ್ಯಾನಿಗೆ ಮರಳುತ್ತಾನೆ. ಇವನು ಇದುವರೆಗೆ ವಿಮಾನ ಹತ್ತಿಲ್ಲ. ನೆಂಟರಿಗೆ ಅದು ಮುಖ್ಯವಲ್ಲ. "ನಮ್ ಹುಡುಗ ಏರ್‌ಪೋರ್ಟಲ್ಲವ್ನೆ" ಎಂದು ಅಮ್ಮ ಒಂದು ಸಲ ಅಂದದ್ದು ಮೂರು ಬಾಯಿ ದಾಟುವಷ್ಟರಲ್ಲಿ ಪೈಲಟ್ ಆಯಿತು. ದೂರದ ಮಾವನೊಬ್ಬರು, "ತಿರುಪತಿಗೆ ಹೋಗೋವಾಗ ನಮ್ಮನ್ನೂ ಸ್ವಲ್ಪ ಇಳ್ಸಪ್ಪ" ಎಂದು ಕೇಳಿಟ್ಟಿದ್ದಾರೆ.

ಹೊಸಕೋಟೆ, ನೆಲಮಂಗಲದ ಕಡೆಯ ಫೈನಲಪ್ಪನಿಗೆ ಹೆದ್ದಾರಿ ಪಕ್ಕದ ಗೋದಾಮುಗಳಿವೆ. ಅಲ್ಲಿ ಊರವರೆಲ್ಲ ಆನ್‌ಲೈನಿನಲ್ಲಿ ತರಿಸುವ ಚಪ್ಪಲಿ, ಚಾರ್ಜರುಗಳನ್ನು ಸ್ಕ್ಯಾನ್ ಮಾಡುತ್ತಾನೆ. ದೊಡ್ಡಬಳ್ಳಾಪುರದವನಾದರೆ ಹುಟ್ಟಿದ್ದೇ ಮಗ್ಗದ ಸದ್ದಿನಲ್ಲಿ. ಲಾಳಿ ಓಡುತ್ತಿರುವಾಗಲೇ ಅವನಿಗೆ ಓದು ತಲೆಗೆ ಹತ್ತುವುದು. ಕರೆಂಟು ಹೋಗಿ ಮಗ್ಗ ನಿಂತರೆ ನಿಶ್ಶಬ್ದಕ್ಕೆ ಬೆಚ್ಚಿ ಪುಸ್ತಕ ಮುಚ್ಚಿಬಿಡುತ್ತಾನೆ. ಪರೀಕ್ಷಾ ಕೊಠಡಿಯಲ್ಲಿ ಅವನಿಗೆ ಏನೂ ನೆನಪಾಗದಿರಲು ಅಲ್ಲಿನ ಮೌನವೇ ಕಾರಣ ಎಂಬುದು ಅವನ ವಾದ.

ಭಾನುವಾರ ರಜೆ ಅಲ್ಲವೇ ಎಂದು ಕೇಳಬೇಡಿ. ಭಾನುವಾರ ಅವನು ಚಿಕ್ಕಪ್ಪನ ಪರವಾಗಿ ಲೇಔಟಿನಲ್ಲಿ ಸೈಟು ತೋರಿಸುತ್ತಾನೆ. "ಏರ್‌ಪೋರ್ಟಿಗೆ ಬರೀ ಹದಿನೈದು ನಿಮಿಷ ಸಾರ್!" ಎಂದು ಕಲ್ಲುಗೂಟದ ಮೇಲೆ ಕಾಲಿಟ್ಟು ಹೇಳುತ್ತಾನೆ. ಬೆಂಗಳೂರಿನಿಂದ ಬಂದ ಗಿರಾಕಿ ಕಾರಿನಲ್ಲಿ ಒಂದು ಗಂಟೆ ಕುಲುಕಾಡಿ ಬಂದಿರುತ್ತಾರೆ. "ಯಾವುದರಲ್ಲಪ್ಪ ಹದಿನೈದು ನಿಮಿಷ?" ಎಂದರೆ ಫೈನಲಪ್ಪ ಮೇಲೆ ಹಾರುತ್ತಿರುವುದನ್ನು ತೋರಿಸುತ್ತಾನೆ.

ಗೆಳೆಯರ ಬೇಡಿಕೆ ಇವೆಲ್ಲಕ್ಕಿಂತ ಖಡಾಖಂಡಿ. ಅವರದೊಂದು ವಾಟ್ಸ್ಆ್ಯಪ್ ಗುಂಪಿದೆ, ಹೆಸರು "ನಾಳೆಯಿಂದ ಓದು". ಓದಿನ ವಿಷಯ ಒಂದು ಬಿಟ್ಟು ಮಿಕ್ಕೆಲ್ಲ ಅಲ್ಲಿ ಚರ್ಚೆಯಾಗುತ್ತದೆ. ರಾತ್ರಿ ಹನ್ನೆರಡಕ್ಕೆ ಯಾರದೋ ಬರ್ತ್‌ಡೇ. ಕೇಕಿಗೆ ಮೇಜು ಬೈಕಿನ ಸೀಟು. ಕೇಕು ಬಾಯಿಗಿಂತ ಕಿವಿಗೇ ಹೆಚ್ಚು ಹೋಗುತ್ತದೆ. ಅಲ್ಲಿಂದ ಬೆಳಗಿನ ಜಾವದ ಹೊಸಕೋಟೆ ಬಿರಿಯಾನಿ. ಕಾಲೇಜಿನ ಒಂಬತ್ತೂವರೆಯ ಕ್ಲಾಸಿಗೆ ಏಳಲಾಗದ ಹುಡುಗರು ಬೆಳಗಿನ ನಾಲ್ಕಕ್ಕೆ ಬಿರಿಯಾನಿ ಸಾಲಿನಲ್ಲಿ, ಅದೂ ಶಿಸ್ತಿನಿಂದ, ನಿಂತಿರುವುದನ್ನು ನೋಡಿದರೆ ನಮ್ಮ ಯುವಜನರಿಗೆ ಸಮಯಪ್ರಜ್ಞೆ ಇಲ್ಲ ಎಂದು ಯಾರೂ ಹೇಳಲಾರರು. ಚಳಿಗಾಲ ಬಂತೆಂದರೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ. ಅಪ್ಪನ ಜೋಡೆತ್ತಿಗೆ ಕಾವಲು ಅಂತ ಮನೆಯವರು ಕಳಿಸುತ್ತಾರೆ, ಗೆಳೆಯರೂ ಅಲ್ಲೇ ಬಂದು ಸೇರುತ್ತಾರೆ. ಮನೆ ಮತ್ತು ಸ್ನೇಹ ಎರಡೂ ಒಂದೇ ಜಾಗದಲ್ಲಿ ತೃಪ್ತಿಯಾಗುವುದು ವರ್ಷದಲ್ಲಿ ಆ ಒಂದೇ ಸಲ. ಎತ್ತುಗಳಿಗೂ ಅವನ ಮೇಲೆ ದೂರಿಲ್ಲ.

ಇಷ್ಟಿದ್ದೂ ಫೈನಲಪ್ಪ ಪಾಸಾಗುತ್ತಾನೆ. ಹೇಗೆ ಎಂದರೆ ಫೈನಲಮ್ಮನಿಂದ. ಅವಳು ಅದೇ ಕ್ಲಾಸಿನ ಮುಂದಿನ ಬೆಂಚು. ಬೆಳಗ್ಗೆ ಎದ್ದು ಕಸ, ನೀರು, ತಿಂಡಿ ಮುಗಿಸಿ, ಮಗ್ಗದ ಮನೆಗೆ ಬೇಕಾದ ಕಂಡಿಕೆ ಸುತ್ತಿಟ್ಟು, 2023ರ ಜೂನ್‌ನಿಂದ ಹೆಂಗಸರಿಗೆ ಉಚಿತವಾದ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತು, ಮೊದಲ ಪೀರಿಯಡ್ಡಿಗೆ ಹಾಜರು. ಮನೆಯಲ್ಲಿ ಅವಳಿಗೂ ಒಂದು ಪ್ರಶ್ನೆ ಕೇಳುತ್ತಾರೆ, ಆದರೆ ಅದು "ಮುಂದೇನು?" ಅಲ್ಲ, "ಯಾವಾಗ ನೋಡೋಕೆ ಬರ್ಲಿ?" ಗಂಡಿನ ಕಡೆಯವರು ಬರುವ ದಿನವೂ ಅವಳು ಸೀರೆ ಉಟ್ಟುಕೊಂಡೇ ಕಾಸ್ಟಿಂಗಿನ ಲೆಕ್ಕ ಮುಗಿಸಿರುತ್ತಾಳೆ. ಆ ನೋಟ್ಸಿನ ಜೆರಾಕ್ಸ್ ಮೇಲೆ ಇಡೀ ಕ್ಲಾಸಿನ ಹುಡುಗರ ಭವಿಷ್ಯ ನಿಂತಿದೆ. ಅವಳ ಮೇಲೆ ಹಾಸ್ಯ ಲೇಖನ ಬರೆಯುವುದು ಕಷ್ಟ. ಅವಳು ಎಲ್ಲೂ ಎಡವುವುದಿಲ್ಲ, ಎಡವಲು ಅವಳಿಗೆ ಯಾರೂ ಬಿಡುವು ಕೊಟ್ಟಿಲ್ಲ.

ಫೈನಲಪ್ಪ ಕಲಿತ ವಿದ್ಯೆಯೂ ಪೂರಾ ದಂಡವಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ತಾತ್ಕಾಲಿಕವಾಗಿ ಸಸ್ಪೆನ್ಸ್ ಅಕೌಂಟಿಗೆ ಹಾಕಬೇಕೆಂದು ಅವನಿಗೆ ಕಾಮರ್ಸ್ ಶುರುವಾದಾಗಲೇ ಹೇಳಿಕೊಟ್ಟಿದ್ದಾರೆ. ಮನೆಗೆ ಕೊಟ್ಟ ಗಂಟೆಯನ್ನು ಕಾಲೇಜಿನಿಂದ, ಕಾಲೇಜಿಗೆ ಕೊಟ್ಟದ್ದನ್ನು ಗೆಳೆಯರಿಂದ, ಗೆಳೆಯರಿಗೆ ಕೊಟ್ಟದ್ದನ್ನು ಕೆಲಸದಿಂದ ಎತ್ತಿ ತೋರಿಸಿದರೂ ದಿನಕ್ಕೆ ಏಳೆಂಟು ಗಂಟೆ ಲೆಕ್ಕ ಕೂಡುವುದಿಲ್ಲ. ಅದನ್ನು ಅವನು ನಿದ್ದೆಯ ಹೆಸರಲ್ಲಿ ಸಸ್ಪೆನ್ಸ್ ಅಕೌಂಟಿಗೆ ಹಾಕಿಟ್ಟಿದ್ದಾನೆ. ಡಿಗ್ರಿ ಮುಗಿದ ಮೇಲೆ ಸರಿಮಾಡುತ್ತಾನಂತೆ.

ಡಿಗ್ರಿ ಮುಗಿದ ಮೇಲಿನ ಗಣಿತ ಇನ್ನೂ ಸ್ವಾರಸ್ಯ. ಪದವಿ ಪಡೆದು ಆರು ತಿಂಗಳಾದರೂ ಕೆಲಸ ಸಿಗದವರಿಗೆ ಯುವನಿಧಿಯಿಂದ ತಿಂಗಳಿಗೆ 3000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಕೆಲಸ ಮಾಡುತ್ತಲೇ ಓದಿದ ತಪ್ಪಿಗೆ ಫೈನಲಪ್ಪನಿಗೆ ಅದೂ ಅನುಮಾನ. ಅಪ್ಪನಿಗೆ ಈ ವಿಷಯ ತಿಳಿದಾಗ ಅವರು ಮಗನನ್ನು ಮೊದಲ ಬಾರಿ ಕನಿಕರದಿಂದ ನೋಡಿ, "ಸುಮ್ನೆ ಕೂತಿದ್ರೂ ದುಡ್ಡು ಬರ್ತಿತ್ತಲ್ಲೋ, ಅದನ್ನೂ ಕಳ್ಕೊಂಡ್ಯಾ?" ಅಂದರು. ಸುಮ್ಮನೆ ಕೂರುವುದಕ್ಕೆ ತನಗೆ ಈ ಮೂರು ವರ್ಷದಲ್ಲಿ ಯಾರೂ ಒಂದು ಕುರ್ಚಿ ಹಾಕಿಕೊಡಲಿಲ್ಲವಲ್ಲ ಎಂದು ಅವನು ಹೇಳಬಹುದಿತ್ತು. ಅಷ್ಟರಲ್ಲಿ ಫೋನು ಬಂತು, ಪತ್ರಿಕೆ ಹಂಚುವುದಿತ್ತು.

ಎಲ್ಲರೂ ಅವನಿಗೆ ಹೇಳುವುದು ಒಂದೇ: "ಅಡ್ಜಸ್ಟ್ ಮಾಡ್ಕೋ." ನಾಲ್ಕು ಕಡೆಯವರಲ್ಲಿ ಒಬ್ಬರೂ ತಮ್ಮ ಪಾಲಿನದನ್ನು ಅರ್ಧ ಗಂಟೆ ಬಿಟ್ಟುಕೊಟ್ಟ ದಾಖಲೆ ಇಲ್ಲ. ಹಾಗಾಗಿ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲೂ, ಪಕ್ಕದ ಮನೆಯಲ್ಲೂ ಒಬ್ಬ ಫೈನಲಪ್ಪನೋ ಫೈನಲಮ್ಮನೋ ಇದ್ದೇ ಇರುತ್ತಾರೆ. ಪರೀಕ್ಷೆ ಮುಗಿಯುವ ತನಕ "ಮುಂದೇನು?" ಎಂದು ಕೇಳಬೇಡಿ, "ಯಾವಾಗ ನೋಡೋಕೆ ಬರ್ಲಿ?" ಎಂದಂತೂ ಕೇಳಲೇಬೇಡಿ. ಲಗ್ನಪತ್ರಿಕೆಯನ್ನು ಸಾಧ್ಯವಾದರೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ಆಗುವುದಿಲ್ಲ ಎಂದಾದರೆ, ಪತ್ರಿಕೆಯ ಕಟ್ಟಿನ ಜೊತೆ ಪೆಟ್ರೋಲಿಗೂ ದುಡ್ಡು ಕೊಡಿ, ಬೈಕು ರಿಸರ್ವ್‌ನಲ್ಲಿದೆ.